ಲೆಕ್ಕದ ಮಾತು: ಡಾಕ್ಟರರ ನೆನಪೋಲೆ



ಸೇಲಂ, ಧರ್ಮಪುರಿ ಕಡೆಯ ನಮ್ಮ ಹಲವು ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದಾರೆ. ಗುಳಿಗೆ ಮುಗಿದದ್ದು ಅಂಗಡಿಯ ಗಡಿಬಿಡಿಯಲ್ಲಿ ನಮಗೆ ತಿಳಿಯುವುದಿಲ್ಲ. ಆ ಮರೆವು ಕಣ್ಣು, ಮೂತ್ರಪಿಂಡಗಳನ್ನೇ ಕೆಡಿಸಬಹುದು. ಇದಕ್ಕೆಂದೇ ರೋಗಿಗಳ ಮೊಬೈಲಿಗೆ ನೆನಪೋಲೆ ಕಳಿಸುವ ಸಾಫ್ಟ್‌ವೇರ್‌ಗಳನ್ನು ಡಾಕ್ಟರರಿಗೆ ಮಾರುತ್ತಾರೆ.

ಖರ್ಚೆಷ್ಟು? ತಿಂಗಳ ಬಾಡಿಗೆ 2,000 ರೂ. ಎಂದು ಹಿಡಿಯೋಣ. ಶೇ. 18 ಜಿಎಸ್‌ಟಿ ಸೇರಿ 2,360. ನಾವಾದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ಟಿನಲ್ಲಿ ಮುರಿದುಕೊಳ್ಳುತ್ತೇವೆ. ವೈದ್ಯಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಡಾಕ್ಟರರಿಗೆ ಆ ದಾರಿಯಿಲ್ಲ. 360 ರೂಪಾಯಿಯೂ ಕೈಯಿಂದಲೇ. ತಿಂಗಳಿಗೆ 400 ರೋಗಿಗಳು ಬಂದರೆ ತಲೆಗೆ ಆರು ರೂಪಾಯಿಗೂ ಕಡಿಮೆ. ಇದೇನೂ ಭಾರವಲ್ಲ.

ಆದರೆ ತಮಿಳಿನ ಸಂದೇಶ, ಕನ್ನಡವಷ್ಟೇ ಓದಬಲ್ಲ ಅಜ್ಜಿಗೆ ಏನು ಪ್ರಯೋಜನ? ಮನುಷ್ಯರೇ ಹೋಗಿ ವಿಚಾರಿಸಬೇಕು. 2004ರವರೆಗೆ ಧರ್ಮಪುರಿಗೇ ಸೇರಿದ್ದ ಕೃಷ್ಣಗಿರಿಯ ಸಾಮನಪಳ್ಳಿಯಲ್ಲಿ 2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯ ತಿರುಳೂ ಇದೇ: ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬಂದು ಸಕ್ಕರೆ, ರಕ್ತದೊತ್ತಡ ನೋಡಿ ಗುಳಿಗೆ ಕೊಡುವುದು, ಅದೂ ಉಚಿತವಾಗಿ.

ಡಾಕ್ಟರರು ಫೀಜು ಹತ್ತು ರೂಪಾಯಿ ಏರಿಸಿದರೆ ಮುಖ ಗಂಟಿಕ್ಕಬೇಡಿ. ಅಜ್ಜಿಯ ಹೆಸರಿನ ಮುಂದೆ ಸೊಸೆಯದೋ ಮೊಮ್ಮಗನದೋ ನಂಬರು ಬರೆಸಿ. ದಿನವೂ ಬಾಕಿ ಪುಸ್ತಕ ತೆರೆಯುವ ನಾವು, ಹಿರಿಯರ ಗುಳಿಗೆ ಡಬ್ಬಿಯನ್ನೂ ತೆರೆದು ನೋಡೋಣ.