ಹಳೇ ಗಾಡಿಗೆ ವಾಲ್ವ್ ತರೋ ಮೊದಲು ಇಷ್ಟು ನೋಡ್ರಿ

ಮೊನ್ನೆ ಸಂತೆ ದಿನ ಪಕ್ಕದ ಊರಿನ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಗುಜರಿಯೊಳಗ ಎರಡು ಲಿವರಿಂದು ಡಿಸಿ ವಾಲ್ವ್ ಸಿಕ್ಕೇತಿ, ರೇಟೂ ಕಮ್ಮಿ. ನಮ್ಮ ಹಳೇ ಟ್ರ್ಯಾಕ್ಟರಿಗೆ ಹಾಕಿಸಿ ಪಲ್ಟಿ ಹೊಡೀಬೇಕಂತ ಮಾಡೀನಿ, ತಗೊಳ್ಲೇನು?"

"ಓಪನ್ ಸೆಂಟರೋ ಕ್ಲೋಸ್ಡ್ ಸೆಂಟರೋ? ಪವರ್ ಬಿಯಾಂಡ್ ಐತೇನು?" ಅಂದೆ. ಆ ಕಡೆ ಸಪ್ಪಳಿಲ್ಲ. ಆರು ವರ್ಷದ ಹಿಂದೆ ನನ್ನನ್ನು ಕೇಳಿದ್ದರೆ ನಾನೂ ಹಿಂಗೇ ಸುಮ್ಮನಾಗ್ತಿದ್ದೆ. ಯಾರೂ ಕೇಳಲಿಲ್ಲ, ಅದಕ್ಕೇ ಪೆಟ್ಟು ತಿಂದೆ.

ನಮ್ಮದು ಅಪ್ಪ 1997ರಲ್ಲಿ ತಂದ 45 ಎಚ್‌ಪಿ ಗಾಡಿ. ಎಂಜಿನ್ ಇವತ್ತಿಗೂ ಗಟ್ಟಿ. ಆದರೆ ಲಿಫ್ಟ್ ಒಂದು ಬಿಟ್ಟರೆ ಹೊರಗಿನ ಜಾಕಿಗೆ ಎಣ್ಣೆ ಕೊಡೋ ಲಿವರ್ ಇಲ್ಲ. ಎರಡು ನೇಗಿಲಿನ ಹೈಡ್ರಾಲಿಕ್ ಪಲ್ಟಿ ತಂದ ಮೇಲೆ ವಾಲ್ವ್ ಬೇಕೇ ಬೇಕಾಯ್ತು. ಹಳೇ ವಾಲ್ವ್ ಒಂದನ್ನು 1,800 ರೂಪಾಯಿಗೆ ತಂದೆ. ಫಿಟ್ ಮಾಡಿದವ ಪಂಪಿನ ಪ್ರೆಶರ್ ಪೈಪನ್ನು ವಾಲ್ವಿನ ಒಳಕ್ಕೆ ಕೊಟ್ಟ, ವಾಲ್ವಿನ ಟ್ಯಾಂಕ್ ಪೋರ್ಟಿನಿಂದ ಲಿಫ್ಟಿಗೆ ಕೊಟ್ಟ. ಪಲ್ಟಿ ತಿರುಗಿತು, ಲಿಫ್ಟೂ ಎದ್ದಿತು. ಅವನಿಗೆ ಚಹಾ ಕುಡಿಸಿ ಕಳಿಸಿದೆ.

ತಪ್ಪು ಎಲ್ಲಿತ್ತು ಅಂದರೆ, ಟ್ಯಾಂಕ್ ಪೋರ್ಟು ಅನ್ನೋದು ಎಣ್ಣೆ ಪ್ರೆಶರ್ ಇಲ್ಲದೆ ವಾಪಸ್ ಹೋಗೋ ದಾರಿ. ಅದರ ಮುಂದೆ ಲಿಫ್ಟ್ ಕೂಡಿಸಿದರೆ, ನೇಗಿಲು ಎತ್ತಿದಾಗಲೆಲ್ಲ ಅಷ್ಟೂ ಪ್ರೆಶರ್ ಆ ಕಡೆಯಿಂದ ವಾಲ್ವಿನ ಮೇಲೆ ಕೂಡುತ್ತದೆ. ಸ್ಪೂಲಿನ ತುದಿಯ ಓ-ರಿಂಗ್ ಅದನ್ನು ತಡೆಯೋಕೆ ಮಾಡಿದ್ದಲ್ಲ. ವಾಲ್ವಿನ ರಿಲೀಫ್ ಕೂಡ ಅದೇ ದಾರಿಗೆ ಎಣ್ಣೆ ಬಿಡುವುದರಿಂದ ಅದೂ ಕಾಯೋದಿಲ್ಲ. ಮೂರನೇ ದಿನ, ಮೊದಲ ಮಳೆಯ ಹದ ಇರುವಾಗಲೇ, ಎರೆ ಹೊಲದ ನಡುವೆ ಸೀಲ್ ಹಾರಿತು. ನಾನು ಸಾಲಿನ ಕಡೆ ನೋಡ್ತಿದ್ದೆ, ತಿರುಗುವಷ್ಟರಲ್ಲಿ ಮುಕ್ಕಾಲು ಎಣ್ಣೆ ನೆಲದ ಪಾಲು. ಗಾಳಿ ಎಳೆದ ಪಂಪೂ ಹೋಯ್ತು. ರಿಪೇರಿಗೆ ಆರು ದಿನ. ಅಷ್ಟರಲ್ಲಿ ಹದ ಆರಿ ಹೆಂಟೆ ಏಳತೊಡಗಿತು. ಬಾಡಿಗೆ ಗಾಡಿ ತರಿಸಿ ಹೊಡೆಸಿದೆ, ಗೋವಿನಜೋಳ ಬಿತ್ತನೆ ತಡವಾಯ್ತು. 1,800ರ ವಾಲ್ವಿನ ಲೆಕ್ಕ ಎಲ್ಲಿಗೆ ಹೋಯ್ತು ನೀವೇ ಹಾಕಿಕೊಳ್ರಿ.

ಲಿಫ್ಟಿಗಿಂತ ಮೊದಲು ವಾಲ್ವ್ ಕೂಡಿಸೋದಾದರೆ ಪವರ್ ಬಿಯಾಂಡ್ ಪೋರ್ಟ್ ಇರಲೇಬೇಕು. ಪ್ರೆಶರ್ ಎಣ್ಣೆ ಆ ಪೋರ್ಟಿನಿಂದ ಲಿಫ್ಟಿಗೆ ಹೋಗಬೇಕು, ಟ್ಯಾಂಕ್ ಪೋರ್ಟಿನಿಂದ ಬೇರೆ ಪೈಪು ನೇರ ಎಣ್ಣೆ ಹೌಸಿಂಗಿಗೆ ಇಳೀಬೇಕು. ಅಂದರೆ ಪೈಪು ಎರಡಲ್ಲ, ಮೂರು. ಎರಡೇ ಪೈಪಿನಲ್ಲಿ ಮುಗಿಸ್ತೀನಿ ಅನ್ನೋ ಮೆಕ್ಯಾನಿಕ್ ಕೈಗೆ ಗಾಡಿ ಕೊಡಬ್ಯಾಡ್ರಿ.

ಇನ್ನು ಸೆಂಟರ್ ವಿಚಾರ. ಗೇರ್ ಪಂಪಿನ ಹಳೇ ಗಾಡಿಗಳಲ್ಲಿ ಎಂಜಿನ್ ತಿರುಗಿದಷ್ಟೂ ಹೊತ್ತು ಎಣ್ಣೆ ಹರೀತಾನೇ ಇರುತ್ತದೆ. ಲಿವರ್ ನಡುವೆ ಇದ್ದಾಗ ಅದು ಸಲೀಸಾಗಿ ದಾಟಿ ಹೋಗಬೇಕು. ಅದಕ್ಕೆ ಓಪನ್ ಸೆಂಟರ್. ಕ್ಲೋಸ್ಡ್ ಸೆಂಟರ್ ಹಾಕಿದರೆ ದಾರಿ ಕಟ್ಟಿ, ರಿಲೀಫ್ ಕಿರುಚುತ್ತದೆ, ಎಣ್ಣೆ ಕಾಯುತ್ತದೆ, ಲಿಫ್ಟ್ ಏಳೋದಿಲ್ಲ. ಗುಜರಿಯಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಲಿವರ್ ನ್ಯೂಟ್ರಲ್‌ನಲ್ಲಿಟ್ಟು, ಪಿ ಅಂತ ಬರೆದ ತೂತಿಗೆ ಸಣ್ಣ ಪೈಪ್ ಹಿಡಿದು ಊದ್ರಿ. ಆ ಕಡೆಯಿಂದ ಗಾಳಿ ಬಂದರೆ ಓಪನ್. ಹಾಗೇ ಎ, ಬಿ ತೂತಿಗೂ ಊದ್ರಿ. ಅಲ್ಲಿ ಗಾಳಿ ಹೋಗಬಾರದು. ಹೋದರೆ ಅದು ಮೋಟಾರ್ ತಿರುಗಿಸೋ ಸ್ಪೂಲ್, ಇಲ್ಲಾ ಸವೆದಿದೆ. ಎರಡಕ್ಕೂ ಜಾಕ್ ಎತ್ತಿದಲ್ಲಿ ನಿಲ್ಲೋದಿಲ್ಲ. ಊದುವಾಗ ಅಂಗಡಿಯವ ನಗ್ತಾನ, ನಗಲಿ.

ಮ್ಯಾಸಿ 1035 ಇಟ್ಟುಕೊಂಡವರು ನನ್ನ ಈ ಮಾತನ್ನು ಹಂಗೇ ತಗೋಬ್ಯಾಡ್ರಿ. ಅದು ಹ್ಯಾರಿ ಫರ್ಗ್ಯುಸನ್ ಕಾಲದಿಂದ ಬಂದ ಬೇರೆ ಪದ್ಧತಿ. ಪಂಪ್ ಹೌಸಿಂಗಿನ ಒಳಗೇ ಎಣ್ಣೆಯಲ್ಲಿ ಮುಳುಗಿರುತ್ತದೆ, ಎಣ್ಣೆ ಒಳಗೆ ಎಳೆಯೋ ಕಡೆಯೇ ಕಂಟ್ರೋಲ್ ಇರುತ್ತದೆ. ಲಿಫ್ಟ್ ಲಿವರ್ ಎತ್ತದೆ ಹೋದರೆ ಎಣ್ಣೆ ಹೊರಗೆ ಬರೋದೇ ಇಲ್ಲ. ಅದಕ್ಕೆ ಲಿಫ್ಟ್ ಕವರಿನ ಮೇಲಿಂದ ಎಣ್ಣೆ ತೆಗೆಯೋ ಟ್ಯಾಪಿಂಗ್ ಬೇಕು, ಆ ಗಾಡಿ ಬಿಚ್ಚಿ ಗೊತ್ತಿರುವ ಕೈಯೂ ಬೇಕು.

ಅಂಗಡಿಯಲ್ಲಿ "ದೊಡ್ಡದು ತಗೊಳ್ರಿ, 80 ಲೀಟರಿಂದು" ಅಂತಾರೆ. ನಿಮಿಷಕ್ಕೆ ಇಪ್ಪತ್ತು ಲೀಟರಿನ ಆಜುಬಾಜು ಎಣ್ಣೆ ಕೊಡೋ ಪಂಪಿಗೆ 80 ಯಾಕೆ? ಜಾಕ್ ಅದರಿಂದ ಜೋರಾಗಿ ಓಡೋದಿಲ್ಲ. 40 ಲೀಟರಿನ ಮೊನೋಬ್ಲಾಕ್ ಸಾಕು. ಒಂದೇ ಎರಕ, ಸೋರೋ ಜಾಯಿಂಟ್ ಕಮ್ಮಿ. ಪಲ್ಟಿಗೆ ಡಬಲ್ ಆಕ್ಟಿಂಗ್, ಟಿಪ್ಪಿಂಗ್ ಟ್ರೇಲರಿಗೆ ಸಿಂಗಲ್. ಲಿವರ್ ಬಿಟ್ಟ ಕೂಡಲೇ ಸ್ಪ್ರಿಂಗಿನಿಂದ ನಡುವಿಗೆ ಬರೋದೇ ಇರಲಿ. ಎತ್ತಿದಲ್ಲೇ ಲಾಕ್ ಆಗೋ ಲಿವರ್ ಟ್ರೇಲರಿಗೆ ಅಪಾಯ. ಡಬ್ಬಿ ಎತ್ತಿದಾಗ ಕೆಳಗೆ ಗಟ್ಟಿ ಆಸರೆ ಕೊಡದೆ ಯಾರೂ ಹೋಗಬಾರದು, ವಾಲ್ವ್ ಎಷ್ಟೇ ಹೊಸದಿರಲಿ.

ಟ್ರೇಲರಿಗೆ ಇನ್ನೊಂದು ಲೆಕ್ಕ: ದೊಡ್ಡ ಜಾಕ್ ಕುಡಿದ ಎಣ್ಣೆ ಹೌಸಿಂಗಿನಿಂದಲೇ ಹೋಗುತ್ತದೆ. ಡಬ್ಬಿ ಪೂರ್ತಿ ಎದ್ದಾಗಲೂ ಪಂಪಿನ ಬಾಯಿ ಮುಳುಗಿರುವಷ್ಟು ಎಣ್ಣೆ ಉಳೀಬೇಕು.

"ರಿಲೀಫ್ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದ್ರ ಪವರ್ ಬರ್ತೈತಿ" ಅನ್ನೋರು ಊರಿಗೊಬ್ಬರಿದ್ದಾರೆ. ಪ್ರೆಶರ್ ಗೇಜ್ ಇಲ್ಲದೆ ಆ ಸ್ಕ್ರೂ ಮುಟ್ಟಬಾರದು. ಹೊಸ ವಾಲ್ವಿನ ರಿಲೀಫ್ ನಿಮ್ಮ ಗಾಡಿಯ ಪ್ರೆಶರಿಗಿಂತ ಮೇಲೆ ಇರಬಾರದು. ಜಾಯಿಂಟಿಗೆ ಟೆಫ್ಲಾನ್ ಟೇಪ್ ಸುತ್ತೋದೂ ಬ್ಯಾಡ, ಚೂರು ಒಳಗೆ ಹೋಗಿ ಸ್ಪೂಲ್ ಹಿಡೀತದೆ. ಬಿಎಸ್‌ಪಿ ನೇರ ಥ್ರೆಡ್ಡಿಗೆ ಡೌಟಿ ವಾಷರ್ ಹಾಕಿಸ್ರಿ. ಸೋರಿಕೆ ಹುಡುಕುವಾಗ ಕೈ ಆಡಿಸದೆ ರಟ್ಟು ಹಿಡೀರಿ. ಸಣ್ಣ ತೂತಿನಿಂದ ಬರೋ ಎಣ್ಣೆ ಚರ್ಮದೊಳಗೇ ಹೊಕ್ಕುಬಿಡುತ್ತದೆ.

ಇಷ್ಟೆಲ್ಲ ತಾಪತ್ರಯಕ್ಕಿಂತ ಗಾಡಿ ಮಾರಿ ಲಿವರ್ ಇರೋ ಹೊಸದು ತಗೋಬಾರದೇ ಅಂತ ನಮ್ಮ ಭಾವ ಕೇಳ್ತಾರೆ. ಒಂದು ವಾಲ್ವಿನ ಸಲುವಾಗಿ ಐದು ವರ್ಷದ ಕಂತು ಕಟ್ಟೋದು ನನಗಂತೂ ಒಪ್ಪೋದಿಲ್ಲ. ಎಂಜಿನ್ ಗಟ್ಟಿ ಇದ್ದರೆ ಹೊಸ ವಾಲ್ವ್, ಹೊಸ ಹೋಸ್ ಪೈಪ್ ಹಾಕಿಸಿ ದುಡಿಸ್ರಿ. ಆದರೆ ಗುಜರಿ ವಾಲ್ವಿನ ಉಳಿತಾಯವನ್ನೂ ನಾನು ಒಪ್ಪೋದಿಲ್ಲ, ಅದರ ರುಚಿ ನೋಡೀನಿ.

ಆ ಹುಡುಗ ನಿನ್ನೆ ಮತ್ತೆ ಫೋನ್ ಮಾಡಿದ್ದ. ಊದಿ ನೋಡಿದನಂತೆ, ಪಿ ಕಡೆಯಿಂದ ಗಾಳಿನೇ ಹೋಗಲಿಲ್ಲವಂತೆ. ಭಾನುವಾರ ಗಾಡಿ ತಗೊಂಡು ಬಾ ಅಂದೀನಿ, ಮೊದಲು ಪಂಪ್ ಯಾವುದು ನೋಡೋಣ.