ಹವಳದ ತೊಟ್ಟಿಗೆ ಯಾವ ಬೆಳಕು?

ಕಳೆದ ವರ್ಷ ನಾವು ಅಮೆರಿಕೆಯ ಸ್ಯಾನ್ ಡಿಯೇಗೊ ನಗರದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ತಂಗಿದ್ದೆವು. ಅಳಿಯಂದಿರು ನಡುಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯೊಂದನ್ನಿರಿಸಿ, ಮೀನುಗಳೊಡನೆ ಜೀವಂತ ಹವಳಗಳನ್ನೂ ಸಾಕುತ್ತಾರೆ. ಅದರ ಮೇಲಣ ಎಲ್‌ಇಡಿ ದೀಪದಲ್ಲಿ ನೀಲಿ, ನೇರಳೆ, ಬಿಳಿ, ಕೆಂಪು, ಹಸಿರುಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಅನುಕೂಲವುಂಟು. ಅವರು ನೀಲಿಯನ್ನೇ ಪ್ರಧಾನವಾಗಿಟ್ಟಿದ್ದರು. ನಮಗದು ಸರಿಬೀಳಲಿಲ್ಲ. "ಇದೇನು, ಬೆಳದಿಂಗಳ ರಾತ್ರಿಯಂತಿದೆ! ಬಿಳಿಯನ್ನು ಹೆಚ್ಚಿಸಿರಿ, ಮೀನುಗಳಾದರೂ ಕಣ್ಣಿಗೆ ಕಾಣಲಿ" ಎಂದೆವು. ಅವರು ಒಂದು ಕ್ಷಣ ಸುಮ್ಮನಿದ್ದು, "ಆಗಲಿ, ಮಾವನವರೇ" ಎಂದು ಹಿರಿಯರ ಮಾತಿಗೆ ಮನ್ನಣೆಯಿತ್ತರು.

ಹತ್ತು ದಿನಗಳೊಳಗೆ ಕವಲುಕವಲಾದ ಹವಳವೊಂದು ತನ್ನ ಕಂದುಬಣ್ಣವನ್ನು ಕಳೆದುಕೊಂಡು ಸುಣ್ಣದಂತೆ ಬೆಳ್ಳಗಾಯಿತು. ಎಂಟು ವರ್ಷದ ಮೊಮ್ಮಗಳು ಕಣ್ಣು ತುಂಬಿಕೊಂಡು, "ತಾತ, ಇದು ಸತ್ತುಹೋಯಿತೇ?" ಎಂದು ಕೇಳಿದಳು. ಮೂವತ್ತೈದು ವರ್ಷ ಪಾಠ ಹೇಳಿದ ನಮ್ಮಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಅಳಿಯಂದಿರೇ ನಮಗೆ ಉಪಾಧ್ಯಾಯರಾದರು. ಅವರಿಂದ ಕಲಿತುದನ್ನು ವಾಚಕರ ಮುಂದಿಡುತ್ತೇವೆ.

ಹವಳವು ಪ್ರಾಣಿ. ಆದರೆ ತೊಟ್ಟಿಯಲ್ಲಿ ಸಾಕುವ ಬಹುತೇಕ ಹವಳಗಳ ಮೈಯೊಳಗೆ ಅತಿಸೂಕ್ಷ್ಮವಾದ ಪಾಚಿಯು ನೆಲಸಿರುತ್ತದೆ. ಅದು ಬೆಳಕಿನ ಬಲದಿಂದ ಆಹಾರವನ್ನು ಸಿದ್ಧಪಡಿಸಿ, ಆಶ್ರಯವಿತ್ತ ಹವಳಕ್ಕೆ ಉಣಿಸುತ್ತದೆ. ಸಂಸ್ಕೃತದ 'ಪ್ರವಾಲ' ಶಬ್ದಕ್ಕೆ ಹವಳವೆಂದೂ ಎಳೆಯ ಚಿಗುರೆಂದೂ ಅರ್ಥವುಂಟು. ಹಿಂದಿನವರು ಬಲ್ಲದ್ದು ಆಭರಣದ ಕೆಂಪು ಹವಳವನ್ನಾದರೂ, ಆ ಹೆಸರು ಈ ಹವಳಗಳಿಗೇ ಹೆಚ್ಚು ಒಪ್ಪುವಂತಿದೆ.

ಸಮುದ್ರದ ನೀರು ಕೆಂಪು ಕಿರಣಗಳನ್ನು ಮೇಲ್ಭಾಗದಲ್ಲಿಯೇ ಬಹುಮಟ್ಟಿಗೆ ಹೀರಿಬಿಡುತ್ತದೆ, ನೀಲಿಯು ಆಳಕ್ಕಿಳಿಯುತ್ತದೆ. ಆದಕಾರಣ ಈ ಪಾಚಿಯು ನೀಲಿಗೆ ಒಗ್ಗಿದೆ. ಸುಮಾರು 430ರಿಂದ 480 ನ್ಯಾನೊಮೀಟರ್ ಅಲೆಯುದ್ದದ ಬೆಳಕು ಅದಕ್ಕೆ ಬಹಳ ಉಪಯುಕ್ತ. ಹವಳದಲ್ಲಿರುವ ಕೆಲವು ಪ್ರೋಟೀನುಗಳು ನೀಲಿಯನ್ನು ಹೀರಿ ಹಸಿರು, ಕಿತ್ತಳೆ ಬಣ್ಣಗಳಾಗಿ ಹೊರಸೂಸುವುದರಿಂದ, ನಾವು ಜರೆದ ಆ ಮಂದಬೆಳಕಿನಲ್ಲಿಯೇ ಹವಳಗಳು ಕೆಂಡದಂತೆ ಹೊಳೆಯುತ್ತವೆ. ಇಂತಹ ದೀಪಗಳಿಗೆ ಮೂಲವಾದ ಪ್ರಖರ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಹಾಗಾದರೆ ನಮ್ಮಿಂದಾದ ತಪ್ಪೇನು? ದೋಷವು ಬಿಳಿಯ ಬಣ್ಣದ್ದಲ್ಲ, ಒಮ್ಮೆಗೇ ಏರಿಸಿದ ಆತುರದ್ದು. ಬೆಳಕು ಅಳತೆ ಮೀರಿದಾಗ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡುತ್ತದೆ. ಆಗ ಪಾರದರ್ಶಕವಾದ ಮೈಯೊಳಗಿನಿಂದ ಸುಣ್ಣದ ಎಲುಬು ಬೆಳ್ಳಗೆ ಕಾಣುತ್ತದೆ. ಜೀವವು ಇನ್ನೂ ಇರುತ್ತದೆ. ಅನ್ನವಿಕ್ಕುವವರು ಮಾತ್ರ ಇರುವುದಿಲ್ಲ.

ತೊಟ್ಟಿಯನ್ನಿಡುವ ಗೃಹಸ್ಥರು ಗಮನಿಸತಕ್ಕುದು ಇಷ್ಟು: ನೀಲಿಯು ಪ್ರಧಾನವಾಗಿರಲಿ, ಜೊತೆಗೆ ಕೊಂಚ ನೇರಳೆಯಿರಲಿ. ಬಿಳಿಯು ನಮ್ಮ ಕಣ್ಣಿಗೆ ಬೇಕಾದಷ್ಟೇ ಸಾಕು. ಕೆಂಪು ಹಸಿರುಗಳು ಅತ್ಯಲ್ಪವಾಗಿರಲಿ. ಹೊಸ ದೀಪವನ್ನು ಮಂದವಾಗಿ ಆರಂಭಿಸಿ, ಕೆಲವು ವಾರಗಳಲ್ಲಿ ಮೆಲ್ಲಮೆಲ್ಲನೆ ಏರಿಸುವುದು ಲೇಸು. ದಿನಕ್ಕೆ ಎಂಟು ಹತ್ತು ಗಂಟೆಗಳ ಬೆಳಕು ಸಾಕು, ರಾತ್ರಿ ಕತ್ತಲೆಯಿರಬೇಕು.

ಇನ್ನೊಂದು ಮಾತು. ಅಳಿಯಂದಿರ ಹವಳಗಳು ತೊಟ್ಟಿಗಳಲ್ಲಿಯೇ ಬೆಳೆಸಿ ಮಾರುವ ತುಂಡುಗಳು. ನಮ್ಮ ದೇಶದ ಸಮುದ್ರದ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಹವಳವನ್ನು ಅಲ್ಲಿಯೇ ನೋಡಿ ಸಂತೋಷಪಡಬೇಕೇ ಹೊರತು ಕಿತ್ತು ಮನೆಗೆ ತರಲಾಗದು.

ಅಳಿಯಂದಿರು ಬೆಳಕನ್ನು ತಗ್ಗಿಸಿದರು; ನಮ್ಮ ತಪ್ಪಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಅವರು ಮೊದಲ ದಿನವೇ "ಬೇಡ" ಎಂದಿದ್ದರೆ ಒಳಿತಾಗುತ್ತಿತ್ತು, ನಾವು "ಏಕೆ ಹೀಗೆ?" ಎಂದು ಕೇಳಿದ್ದರೆ ಇನ್ನೂ ಒಳಿತಾಗುತ್ತಿತ್ತು. ಮಕ್ಕಳ ಮನೆಗೆ ಹೋಗುವ ನಮ್ಮ ವಯಸ್ಸಿನವರು ಇದನ್ನು ನೆನಪಿನಲ್ಲಿಡುವುದು ಕ್ಷೇಮ. ನಾವು ಹೊರಡುವ ವೇಳೆಗೆ ಎರಡು ಕವಲುಗಳು ಉಳಿಯಲಿಲ್ಲವಾದರೂ ಬುಡದಲ್ಲಿ ಕಂದುಬಣ್ಣವು ಮರಳಿತ್ತು. ಮೊಮ್ಮಗಳನ್ನು ಹತ್ತಿರ ಕರೆದು ಅವಳ ಪ್ರಶ್ನೆಗೆ ಉತ್ತರ ಹೇಳಿದೆವು: "ಸತ್ತಿರಲಿಲ್ಲ ಮಗು, ಹಸಿದಿತ್ತು."