ಮೊದಲು ಗಾಳಿ, ಕೊನೆಗೆ ಎಂಜಿನ್

ಪುಣೆಯ ಹಿಂಜವಡಿಯಲ್ಲೋ ಹೈದರಾಬಾದಿನ ಗಚ್ಚಿಬೌಲಿಯಲ್ಲೋ ಕೆಲಸ ಮಾಡುವ, ಮೂವತ್ತರ ಆಸುಪಾಸಿನ ಒಬ್ಬ ಎಂಜಿನಿಯರನ್ನು ಊಹಿಸಿಕೊಳ್ಳಿ. ನಾಲ್ಕು ವರ್ಷ ಹಳೆಯ ಹ್ಯಾಚ್‌ಬ್ಯಾಕ್, ಅದರ ಮೇಲೆ ಇನ್ನೂ ತೀರದ ಸಾಲ. ಒಂದು ಭಾನುವಾರ ಗೆಳೆಯನ ಜೊತೆ ಆಟೋಕ್ರಾಸ್ ನೋಡಲು ಹೋಗಿ, ಸಂಜೆ ಮೈಯೆಲ್ಲ ಧೂಳಾಗಿ ಮನೆಗೆ ಬಂದವನ ತಲೆಯಲ್ಲಿ ಒಂದೇ ಯೋಚನೆ: ಮುಂದಿನ ಸಲ ತಾನೂ ಓಡಿಸಬೇಕು. ಮರುವಾರ ಅವನು ಹೋಗುವುದು ಅಭ್ಯಾಸಕ್ಕಲ್ಲ, ಗ್ಯಾರೇಜಿಗೆ. ತೆರೆದ ಏರ್ ಫಿಲ್ಟರ್, ಗುಡುಗುವ ಎಕ್ಸಾಸ್ಟ್, ಕಾರನ್ನು ನೆಲಕ್ಕೆ ತಗ್ಗಿಸುವ ಸ್ಪ್ರಿಂಗು, ಒಂದು ಸುತ್ತು ದೊಡ್ಡದಾದ ಅಲಾಯ್ ಚಕ್ರ. ಎರಡು ತಿಂಗಳ ಸಂಬಳ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಸ್ಪರ್ಧೆಯ ದಿನ ಅದೇ ಮಾದರಿಯ, ಕಂಪನಿಯಿಂದ ಬಂದಂತೆಯೇ ಇರುವ ಕಾರೊಂದು ಅವನಿಗಿಂತ ನಾಲ್ಕು ಸೆಕೆಂಡು ಬೇಗ ಗುರಿ ಮುಟ್ಟುತ್ತದೆ.

ಇದು ಕಲ್ಪನೆಯ ಚಿತ್ರವಾದರೂ ಈ ಹವ್ಯಾಸದ ಒಳಗಿರುವವರಿಗೆ ಹೊಸದಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಇಲ್ಲಿ ಸ್ವಲ್ಪ ತಿರುಗಿಸಬೇಕು: ಕುಣಿತ ಕಲಿಯುವ ಮೊದಲೇ ನೆಲವನ್ನು ಅಗೆಸುವವರು ಇವರು. ಹವ್ಯಾಸಿ ಆಟೋಕ್ರಾಸ್‌ಗೆ ಕಾರನ್ನು ಸಜ್ಜುಗೊಳಿಸುವಾಗ ಮನಸ್ಸು ಯಾವುದನ್ನು ಮೊದಲು ಬಯಸುತ್ತದೋ ಅದನ್ನು ಕೊನೆಗೆ ಇಡುವುದೇ ಒಳ್ಳೆಯದು. ಇದು ಬರೀ ಜಿಪುಣತನದ ಮಾತಲ್ಲ. ಗಡಿಯಾರ, ನಿಯಮ, ಕಾನೂನು, ಮೂರೂ ಹೇಳುವುದು ಇದನ್ನೇ.

ಆಟೋಕ್ರಾಸ್ ಎಂಬ ಒಂದೇ ಹೆಸರಿನಲ್ಲಿ ಜಗತ್ತಿನಲ್ಲಿ ಎರಡು ಆಟ ನಡೆಯುತ್ತವೆ. ಅಮೆರಿಕದಲ್ಲಿ ಅದು ವಿಶಾಲವಾದ ಪಾರ್ಕಿಂಗ್ ಜಾಗದಲ್ಲೋ ಹಳೆಯ ವಿಮಾನ ಓಡುದಾರಿಯಲ್ಲೋ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಡಾಂಬರು ಅಥವಾ ಕಾಂಕ್ರೀಟಿನ ಮೇಲೆ ಆಡುವ ಆಟ. ಬ್ರಿಟನ್ನಿನಲ್ಲಿ ಅದೇ ಪದ ಹುಲ್ಲು, ಮಣ್ಣಿನ ಬಯಲಿನ ಓಟವನ್ನು ಸೂಚಿಸುತ್ತದೆ. ಭಾರತದ ಆಟೋಕ್ರಾಸ್ ಹೆಚ್ಚಾಗಿ ಈ ಎರಡನೆಯ ಬಗೆಯದು: ಕೆಮ್ಮಣ್ಣು, ಜಲ್ಲಿ, ಧೂಳು, ಮಧ್ಯಾಹ್ನದ ಹೊತ್ತಿಗೆ ಬಿದ್ದ ಗಾಲಿಯ ಹಳ್ಳ. ಎರಡರಲ್ಲೂ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುತ್ತಾರೆ, ಓಟ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ತಿರುವುಗಳೇ ಹೆಚ್ಚು, ಕಾರು ಬಹುಪಾಲು ಎರಡನೆಯ ಗೇರಿನಲ್ಲೇ ಇರುತ್ತದೆ. ಆದರೆ ಕಾರಿಗೆ ಏನು ಬೇಕು ಎಂಬ ಪ್ರಶ್ನೆಗೆ ಡಾಂಬರಿನ ಉತ್ತರ ಬೇರೆ, ಮಣ್ಣಿನ ಉತ್ತರ ಬೇರೆ. ಯೂಟ್ಯೂಬಿನಲ್ಲಿ ಸಿಗುವ ಸಲಹೆ ಬಹುತೇಕ ಡಾಂಬರಿನದು, ಓಡಿಸಬೇಕಾದ ಬಯಲು ಮಣ್ಣಿನದು. ಮೊದಲ ತಪ್ಪು ಹುಟ್ಟುವುದು ಇಲ್ಲೇ.

ತೆರೆದ ಏರ್ ಫಿಲ್ಟರನ್ನೇ ನೋಡಿ. ಟರ್ಬೊ ಇಲ್ಲದ ಸಣ್ಣ ಎಂಜಿನ್ನಿಗೆ ಅದು ಕೊಡುವ ಶಕ್ತಿ ಅಲ್ಪ, ಶಬ್ದ ಮಾತ್ರ ಧಾರಾಳ. ಧೂಳಿನ ಬಯಲಿನಲ್ಲಿ ಅದು ಎಂಜಿನ್ನಿಗೆ ಮಣ್ಣು ಕುಡಿಸುವ ಅಪಾಯವೂ ಇದೆ. ಕಾರನ್ನು ತಗ್ಗಿಸುವ ಸ್ಪ್ರಿಂಗಿನ ಕಥೆಯೂ ಅಷ್ಟೆ. ಡಾಂಬರಿನ ಮೇಲೆ ಅದು ಕಾರಿನ ವಾಲುವಿಕೆಯನ್ನು ಕಡಿಮೆ ಮಾಡಬಹುದು. ಹಳ್ಳ ಬಿದ್ದ ಮಣ್ಣಿನಲ್ಲಿ ಅದೇ ಗಡಸು ಸ್ಪ್ರಿಂಗು ಚಕ್ರವನ್ನು ನೆಲದಿಂದ ಎತ್ತಿ ಕುಣಿಸುತ್ತದೆ, ಎಣ್ಣೆಯ ಸಂಪು ಕಲ್ಲಿಗೆ ಬಡಿಯುತ್ತದೆ. ಅಗಲವಾದ ಟೈರು ಡಾಂಬರಿನಲ್ಲಿ ಹಿಡಿತ ಕೊಡುತ್ತದೆ, ಸಡಿಲ ಜಲ್ಲಿಯ ಮೇಲೆ ತೇಲುತ್ತದೆ. ಮಣ್ಣಿನ ರ‍್ಯಾಲಿಯ ಟೈರುಗಳು ಡಾಂಬರಿನ ಟೈರುಗಳಿಗಿಂತ ಕಿರಿದಾಗಿರುವುದು ಸುಮ್ಮನೆ ಅಲ್ಲ: ಅವು ಮೇಲಿನ ಪುಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹುಡುಕಬೇಕು. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ರ‍್ಯಾಲಿ ಓಡಿಸುವವರು ಎಂಜಿನ್ನಿನ ಮಾತಿಗೆ ಮೊದಲು ಸಂಪಿನ ಕೆಳಗೆ ಲೋಹದ ತಟ್ಟೆ ಕಟ್ಟಿಸಿಕೊಳ್ಳುತ್ತಾರೆ. ನೋಡುವವರ ಕಣ್ಣಿಗೆ ಬೀಳದ, ಯಾರೂ ಹೊಗಳದ ಬದಲಾವಣೆ ಅದು. ಓಟವನ್ನು ಮುಗಿಸಿಕೊಡುವುದು ಮಾತ್ರ ಅದೇ.

ಇನ್ನು ನಿಯಮದ ಮಾತು. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ನಡೆಸುವ ಸೋಲೋ ಸ್ಪರ್ಧೆಗಳ ವರ್ಗೀಕರಣ ಇಲ್ಲಿ ಒಳ್ಳೆಯ ಪಾಠ. ಅಲ್ಲಿನ ಸ್ಟ್ರೀಟ್ ವರ್ಗದಲ್ಲಿ ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡ್, ಒಂದು ಆಂಟಿ-ರೋಲ್ ಬಾರ್ ಬದಲಿಸಬಹುದು. ಟೈರಿನ ಸವೆತದ ಅಂಕ ಕನಿಷ್ಠ 200 ಇರಬೇಕು. ಸ್ಪ್ರಿಂಗು ಬದಲಿಸಿದ ದಿನವೇ ಕಾರು ಆ ವರ್ಗದಿಂದ ಆಚೆ ಹೋಗುತ್ತದೆ. ಮೇಲಿನ ವರ್ಗದಲ್ಲಿ ಕಾಯುತ್ತಿರುವವರು ಸ್ಪ್ರಿಂಗಿನ ಜೊತೆ ಇನ್ನೂ ಹತ್ತು ಬದಲಾವಣೆ ಮಾಡಿಕೊಂಡವರು. ಅಂದರೆ ಒಂದೇ ಒಂದು ಬಿಡಿಭಾಗ ಹಾಕಿಸಿದವನು ಸರಳ ವರ್ಗವನ್ನೂ ಕಳೆದುಕೊಂಡ, ಮೇಲಿನ ವರ್ಗದಲ್ಲಿ ನಿಲ್ಲುವ ಬಲವನ್ನೂ ಗಳಿಸಲಿಲ್ಲ. ಭಾರತದಲ್ಲಿ ವರ್ಗಗಳು ಸಾಮಾನ್ಯವಾಗಿ ಎಂಜಿನ್ನಿನ ಗಾತ್ರ ಮತ್ತು ಕಾರನ್ನು ಎಷ್ಟು ಬದಲಿಸಲಾಗಿದೆ ಎಂಬುದರ ಮೇಲೆ ನಿಂತಿವೆ. ತತ್ತ್ವ ಮಾತ್ರ ಅದೇ. ಆದ್ದರಿಂದ ಗ್ಯಾರೇಜಿನ ಬೆಲೆಪಟ್ಟಿಗೆ ಮೊದಲು ಓದಬೇಕಾದದ್ದು ಸ್ಪರ್ಧೆಯ ನಿಯಮಾವಳಿ. ಅದಕ್ಕೆ ಕಾಸೂ ಬೇಕಿಲ್ಲ.

ಗಡಿಯಾರದ ಲೆಕ್ಕ ಇನ್ನೂ ಸರಳ. ಅದೇ ಸೋಲೋ ಸ್ಪರ್ಧೆಗಳಲ್ಲಿ ಒಂದು ಕೋನು ಬೀಳಿಸಿದರೆ 2 ಸೆಕೆಂಡು ದಂಡ. ದುಬಾರಿ ಬಿಡಿಭಾಗವೊಂದು ಅರ್ಧ ಸೆಕೆಂಡು ಉಳಿಸಿತೆಂದೇ ಇಟ್ಟುಕೊಳ್ಳೋಣ. ಒಂದು ಕೋನಿಗೆ ತಗುಲಿದರೆ ಅಂಥ ನಾಲ್ಕು ಭಾಗಗಳ ಹಣ ಮಣ್ಣುಪಾಲು. ಹೊಸಬ ಸಮಯ ಕಳೆಯುವುದು ಎಂಜಿನ್ನಿನಲ್ಲಿ ಅಲ್ಲವೇ ಅಲ್ಲ. ತಿರುವಿಗೆ ವೇಗವಾಗಿ ನುಗ್ಗಿ, ಸ್ಟಿಯರಿಂಗ್ ಹೆಚ್ಚು ತಿರುಗಿಸಿ, ಮುಂದಿನ ಚಕ್ರಗಳು ಜಾರಿ, ಆಕ್ಸಿಲರೇಟರ್ ಬಿಟ್ಟು ಕಾಯುತ್ತಾನಲ್ಲ, ಆ ಗಳಿಗೆಯಲ್ಲಿ ಕಳೆಯುತ್ತಾನೆ. ಟೈರಿಗೆ ಇರುವ ಹಿಡಿತ ಒಂದೇ ಗಂಟು. ಅದನ್ನು ಬ್ರೇಕಿಗೂ ತಿರುವಿಗೂ ಹಂಚಿಕೊಳ್ಳಬೇಕು. ಪೂರ್ತಿ ಬ್ರೇಕಿಗೆ ಖರ್ಚು ಮಾಡಿದವನಿಗೆ ತಿರುಗಲು ಏನೂ ಉಳಿಯುವುದಿಲ್ಲ. ಈ ಲೆಕ್ಕ ಕೈಗೆ ಬರದವನಿಗೆ ಹೆಚ್ಚು ಶಕ್ತಿ ಕೊಟ್ಟರೆ ಅವನು ಅದೇ ತಪ್ಪಿಗೆ ಇನ್ನೂ ಬೇಗ ತಲುಪುತ್ತಾನೆ, ಅಷ್ಟೇ.

ಹಾಗಾದರೆ ಏನನ್ನೂ ಮುಟ್ಟಬಾರದೆ? ಮುಟ್ಟಬೇಕು, ಕ್ರಮವಾಗಿ. ಮೊದಲನೆಯದು ಟೈರಿನ ಗಾಳಿ. ಡಾಂಬರಿನ ಓಟಕ್ಕೆ ಮುನ್ನ ಟೈರಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಓಡಿಸಿ ಬಂದು, ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂದು ನೋಡುವುದು ಹಳೆಯ ಪದ್ಧತಿ. ತೀರಾ ಕೆಳಗಿನವರೆಗೆ ಅಳಿಸಿದ್ದರೆ ಗಾಳಿ ಕಡಿಮೆ, ಗೆರೆ ಹಾಗೇ ಉಳಿದಿದ್ದರೆ ಹೆಚ್ಚು. ಒಂದು ಗೇಜು, ಒಂದು ಸೀಮೆಸುಣ್ಣ, ಒಂದು ನೋಟ್‌ಬುಕ್ ಇದ್ದರೆ ಸಾಕು. ಎರಡನೆಯದು ವೀಲ್ ಅಲೈನ್‌ಮೆಂಟ್. ಮೂರನೆಯದು ಆ ನೆಲಕ್ಕೆ ಹೊಂದುವ ಒಳ್ಳೆಯ ಟೈರು: ಮಾಮೂಲಿ ಹ್ಯಾಚ್‌ಬ್ಯಾಕಿನ ಟೈರನ್ನು ಮೈಲೇಜಿಗೂ ಬಾಳಿಕೆಗೂ ಮಾಡಿರುತ್ತಾರೆ, ಹಿಡಿತ ಆಮೇಲಿನ ಮಾತು. ಆಮೇಲೆ ತಾಜಾ ಬ್ರೇಕ್ ಎಣ್ಣೆ, ಒಳ್ಳೆಯ ಪ್ಯಾಡ್. ಒಂದು ಋತು ಓಡಿಸಿ, ಕಾರು ಎಲ್ಲಿ ಮಾತು ಕೇಳುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಲು ಬಂದ ಮೇಲೆ ಶಾಕ್ ಅಬ್ಸಾರ್ಬರ್. ಎಂಜಿನ್ನಿನ ಸರದಿ ಇದೆಲ್ಲದರ ನಂತರ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಶಿಸ್ತೂ ಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದು ನೆರವಾಯಿತು, ಯಾವುದು ಕೆಡಿಸಿತು ಎಂಬುದು ಕೊನೆಗೂ ತಿಳಿಯುವುದಿಲ್ಲ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಹವ್ಯಾಸ ಎಂದ ಮೇಲೆ ಎಲ್ಲವನ್ನೂ ಸೆಕೆಂಡಿನಲ್ಲೇ ಅಳೆಯಬೇಕೆ? ಶನಿವಾರ ರಾತ್ರಿ ಗೆಳೆಯರ ಜೊತೆ ಕೈಗೆ ಗ್ರೀಸ್ ಮೆತ್ತಿಕೊಂಡು ಕಾರು ಬಿಚ್ಚುವುದೂ ಸುಖವೇ ಅಲ್ಲವೆ? ಹೌದು, ಸುಖವೇ. ತನ್ನ ಕಾರನ್ನು ತಾನೇ ಬಿಚ್ಚಿ ಜೋಡಿಸಿದವನು ಅದರ ಸ್ವಭಾವವನ್ನೂ ಚೆನ್ನಾಗಿ ಬಲ್ಲ. ಸ್ಪರ್ಧೆಗೆಂದೇ ಹಳೆಯ ಕಾರೊಂದನ್ನು ಇಟ್ಟುಕೊಂಡು, ಟ್ರಕ್ಕಿನ ಮೇಲೆ ಹೇರಿ ಒಯ್ಯುವವರ ಮಟ್ಟಿಗೆ ಈ ಆಕ್ಷೇಪಕ್ಕೆ ಉತ್ತರ ಹೇಳುವ ಅಗತ್ಯವೇ ಇಲ್ಲ. ಆದರೆ ಹವ್ಯಾಸಿಗಳಲ್ಲಿ ಹೆಚ್ಚಿನವರಿಗೆ ಇರುವುದು ಒಂದೇ ಕಾರು. ಭಾನುವಾರ ಧೂಳೆಬ್ಬಿಸಿದ ಕಾರೇ ಸೋಮವಾರ ಮಗುವನ್ನು ಶಾಲೆಗೆ ಬಿಡಬೇಕು, ಹಬ್ಬಕ್ಕೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ರಾತ್ರಿಯಿಡೀ ಹೆದ್ದಾರಿಯಲ್ಲಿ ಊರಿಗೆ ಹೋಗಬೇಕು.

ಆಗ ಪ್ರಶ್ನೆ ಬರೀ ಹಣದ್ದಾಗಿ ಉಳಿಯುವುದಿಲ್ಲ. ಕಾರು ತಯಾರಾದಾಗಿನ ಮೂಲ ವಿವರಗಳನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿ ಕಾಯ್ದೆ, ಅನುಮತಿ ಇಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಜೈಲು, ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಮಾಮೂಲಿ ಕಾರು ವಿಮೆ ಸಂಘಟಿತ ರೇಸಿಂಗಿಗೆ ಅನ್ವಯಿಸುವುದೇ ಇಲ್ಲ. ಅದಕ್ಕಿಂತ ಹೆಚ್ಚು ಚಿಂತಿಸಬೇಕಾದದ್ದು ಇನ್ನೊಂದು: ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಮಾರ್ಪಾಡು, ರೇಸಿಗೆ ಸಂಬಂಧವೇ ಇಲ್ಲದ ಹೆದ್ದಾರಿ ಅಪಘಾತದ ಪರಿಹಾರಕ್ಕೂ ಅಡ್ಡಿಯಾಗಬಹುದು.

ಸುರಕ್ಷತೆಯ ಹೆಸರಿನಲ್ಲೇ ಅಪಾಯ ತಂದುಕೊಳ್ಳುವವರೂ ಇದ್ದಾರೆ. ರೇಸಿಂಗ್ ಸೀಟು, ನಾಲ್ಕು ಪಟ್ಟಿಯ ಬೆಲ್ಟು ನೋಡಲು ಗಂಭೀರವಾಗಿ ಕಾಣುತ್ತವೆ. ರೋಲ್ ಕೇಜ್ ಇಲ್ಲದ ಕಾರು ಮಗುಚಿ ಚಾವಣಿ ಕುಸಿದರೆ, ಮಾಮೂಲಿ ಬೆಲ್ಟಿನಲ್ಲಿ ಪಕ್ಕಕ್ಕೆ ಬಾಗಬಹುದಾಗಿದ್ದ ಮೈಯನ್ನು ಆ ಪಟ್ಟಿ ನೆಟ್ಟಗೆ ಹಿಡಿದು ನಿಲ್ಲಿಸುತ್ತದೆ. ಸೀಟಿನೊಳಗೆ ಏರ್‌ಬ್ಯಾಗ್ ಇದ್ದ ಕಾರಿನಲ್ಲಿ ಸೀಟು ಬದಲಿಸಿದರೆ ಆ ಏರ್‌ಬ್ಯಾಗೂ ಹೋಯಿತು. ಇಂಥವು ಒಂದರ ಜೊತೆ ಒಂದು ಸೇರಿ ಕೆಲಸ ಮಾಡುವ ವ್ಯವಸ್ಥೆಗಳು. ಅರ್ಧ ಹಾಕಿಸಿದರೆ ಅರ್ಧ ರಕ್ಷಣೆ ಸಿಗುತ್ತದೆ ಎಂದುಕೊಳ್ಳುವುದು ತಪ್ಪು. ಕೇಜ್ ಇಲ್ಲದ ಕಾರಿಗೆ ಕಂಪನಿಯ ಬೆಲ್ಟು, ತಲೆಗೆ ಒಳ್ಳೆಯ ಹೆಲ್ಮೆಟ್, ಕಾರಿನೊಳಗೆ ಉರುಳಾಡುವ ಬಾಟಲಿ, ಜ್ಯಾಕುಗಳನ್ನೆಲ್ಲ ಕೆಳಗಿಳಿಸಿದ ಖಾಲಿ ಬೂಟು: ಆರಂಭಕ್ಕೆ ಇದೇ ಸರಿ.

ಅಂಗಡಿಗೆ ಹೋಗುವ ಮೊದಲು ಹವ್ಯಾಸಿ ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರೇ. ಇದನ್ನು ಹಾಕಿಸಿದರೆ ಕಾರು ಯಾವ ವರ್ಗಕ್ಕೆ ಹೋಗುತ್ತದೆ? ಓಡಿಸುವ ನೆಲಕ್ಕೆ ಇದು ಹೊಂದುತ್ತದೆಯೆ? ಸೋಮವಾರ ಈ ಕಾರಿನಲ್ಲಿ ಕೂರುವವರಿಗೆ ಇದರಿಂದ ತೊಂದರೆಯಿಲ್ಲವೆ? ಮೂರಕ್ಕೂ ಉತ್ತರ ಸಿಕ್ಕರೆ ಧಾರಾಳವಾಗಿ ಖರ್ಚು ಮಾಡಲಿ. ಸಿಗದಿದ್ದರೆ ಆ ಹಣದಲ್ಲಿ ಇನ್ನೂ ಎರಡು ಸ್ಪರ್ಧೆಗಳ ಪ್ರವೇಶ ಶುಲ್ಕ ಕಟ್ಟಲಿ. ಆ ಕಂಪನಿಯ ಕಾರಿನವನು ನಾಲ್ಕು ಸೆಕೆಂಡು ಮುಂದಿದ್ದದ್ದು ಹಾಗೆಯೇ: ಇವನು ಗ್ಯಾರೇಜಿನಲ್ಲಿ ಕಳೆದ ಭಾನುವಾರಗಳನ್ನು ಅವನು ಬಯಲಿನಲ್ಲಿ ಕಳೆದಿದ್ದ.